ವಾಸ್ಕೋ ಡ ಗಾಮಾ ಮತ್ತು ನಮ್ಮ ಬೀಗರ ಊಟ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಇತಿಹಾಸಕ್ಕೆ ಮರ್ಯಾದೆ ಇಲ್ಲ. ಮಿಕ್ಸರಿಗೆ ಇದೆ, ವಾಷಿಂಗ್ ಮಷಿನ್ನಿಗೆ ಇದೆ, ಮಹಡಿಯ ಮೇಲೆ ಹಪ್ಪಳ ಒಣಹಾಕುವ ಹಳೇ ಚಾಪೆಗೂ ಇದೆ. ಇತಿಹಾಸಕ್ಕೆ ಮತ್ತು ಅದನ್ನು ದಿನಾ ಬೆಳಿಗ್ಗೆ ಎದ್ದು ಮನೆಯವರ ಮುಂದೆ ತಂದು ಸುರಿಯುವ ನನಗೆ ಮಾತ್ರ ಇಲ್ಲ.

ನಾನು ಕುಂಥುನಾಥ ಮಗದುಮ್, ಇಚಲಕರಂಜಿಯವನು. ಮನೆಗೆ ಅಂಟಿಕೊಂಡೇ ನಮ್ಮ ಪವರ್‌ಲೂಮ್ ಶೆಡ್ಡು ಇದೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ಎರಡು ಗುಣಗಳು ತಾವಾಗಿಯೇ ಬರುತ್ತವೆ. ಒಂದು, ಜೋರಾಗಿ ಮಾತಾಡುವುದು. ಇನ್ನೊಂದು, ಎದುರಿನವರು ಹೇಳಿದ್ದು ಕಿವಿಗೆ ಬೀಳದೇ ಇರುವುದು. ಇತಿಹಾಸಕಾರನಾಗುವುದಕ್ಕೆ ಇನ್ನೇನು ಬೇಕು ಹೇಳಿ. ಬೇಕಾಗಿದ್ದ ಬಿಡುವೊಂದನ್ನು ಮಾರ್ಕೆಟ್ಟು ತಾನೇ ಕೊಟ್ಟಿತು. ಹೋದ ವರ್ಷ ಬಟ್ಟೆಗೆ ಗಿರಾಕಿಯಿಲ್ಲದೆ ಊರಿನ ಮಗ್ಗದ ಮಾಲಕರೆಲ್ಲ ಅರ್ಧ ದಿನ ಕೈಕಟ್ಟಿ ಕೂರುವಂತಾಯಿತು. ಆಗ ನಮ್ಮ ನೂಲಿನ ದರದ ವಾಟ್ಸಾಪ್ ಗ್ರೂಪಿನಲ್ಲಿ ದರ ಬರುವುದು ನಿಂತು ಇತಿಹಾಸ ಬರತೊಡಗಿತು. 'ನಿಮಗೆ ಗೊತ್ತಿಲ್ಲದ ಸತ್ಯ', 'ನಿಮ್ಮಿಂದ ಬಚ್ಚಿಟ್ಟ ಸತ್ಯ', 'ಓದಿದರೆ ಬೆಚ್ಚಿಬೀಳುವಿರಿ'. ನಾನು ಓದಿದೆ, ಬೆಚ್ಚಿಬಿದ್ದೆ. ಬಿದ್ದವನು ಇನ್ನೂ ಎದ್ದಿಲ್ಲ ಎಂದು ನನ್ನ ಹೆಂಡತಿ ರಾಜಮತಿಯ ಅಭಿಪ್ರಾಯ.

ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ: "ಅಲೆಕ್ಸಾಂಡರ್ ಹಿಂದುಸ್ತಾನದಿಂದ ಯಾಕ ವಾಪಸ್ ಹ್ವಾದ ಗೊತ್ತೇನು? ಕೊಲ್ಲಾಪುರಿ ಚಪ್ಪಲಿ ಹಾಕ್ಕೊಂಡಿದ್ದ. ಅದು ಕಚ್ಚಿತು!"

ನಮ್ಮ ಒಬ್ಬಳೇ ಮಗಳು ಋತುಜಾ ಆಗ ಡಬ್ಬಿ ಕಟ್ಟಿಕೊಳ್ಳುತ್ತಿದ್ದಳು. ಅವಳು ಇತಿಹಾಸದಲ್ಲಿಯೇ ಎಂ.ಎ. ಮಾಡಿ ಕೊಲ್ಲಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. (ಐದು ವರ್ಷ ಫೀ ಕಟ್ಟಿದ್ದೇನೆ. ಅಷ್ಟಾದರೂ ಒಂದು ದಿನ ಮನೆಗೆ ಬಂದು ಬೆಚ್ಚಿಬೀಳುವ ಒಂದು ಮಾತು ಹೇಳಿದವಳಲ್ಲ.)

"ಪಪ್ಪಾ, ಅಲೆಕ್ಸಾಂಡರ್ ನಮ್ಮ ಕಡೆ ಬಂದೇ ಇಲ್ಲ. ಪಂಜಾಬದಿಂದನ ತಿರುಗಿ ಹೋಗ್ಯಾನ."

"ಮತ್ತ ಚಪ್ಪಲಿ?"

"ಚಪ್ಪಲಿ ಕಚ್ಚಿದ್ದು ನಿಮಗ. ಹ್ವಾದ ದೀಪಾವಳ್ಯಾಗ."

ಇನ್ನೊಂದು ದಿನ ರೋಮಿನ ಚಕ್ರವರ್ತಿಗಳು ದಾನೋಳಿಯ ಬೆಲ್ಲವಿಲ್ಲದೆ ಊಟಕ್ಕೇ ಕೂರುತ್ತಿರಲಿಲ್ಲ ಎಂಬ ಸಂಗತಿ ಬಂತು. ಅದೂ ಸುಳ್ಳು ಎಂದಳು ಮಗಳು. ಆದರೆ ರಾಜಮತಿಯ ತವರೂರು ದಾನೋಳಿ. ಅದೊಂದನ್ನು ಮಾತ್ರ ಅವಳು ನಂಬಿದಳು, ನಂಬಿ ತನ್ನ ಅಣ್ಣನಿಗೆ ಫೋನ್ ಮಾಡಿ ಹೇಳಿದಳು. ಉಳಿದವೆಲ್ಲ ನನ್ನ ತಲೆಕೆಟ್ಟ ಮಾತುಗಳಾದವು.

ಮಗಳಿಗೆ ಕನಿಕರ ಬಂತೋ ಏನೋ, ಒಂದು ಸಲ ತಾನೇ ಹೇಳಿದಳು: "ಪಪ್ಪಾ, ನಿಮಗ ಖರೇನ ಆಶ್ಚರ್ಯ ಬೇಕಂದ್ರ ಕೊಲ್ಲಾಪುರದ ಮ್ಯೂಸಿಯಮ್ಮಿಗೆ ಹೋಗಿ ಬರ್ರಿ. ಬ್ರಹ್ಮಪುರಿ ದಿಬ್ಬ ಅಗದಾಗ ಪೊಸೈಡನ್ ಅಂತ ಗ್ರೀಕರ ಸಮುದ್ರದೇವರ ಕಂಚಿನ ಮೂರ್ತಿ ಸಿಕ್ಕೈತಿ. ರೋಮಿನ ಕಡೆಯಿಂದ ವ್ಯಾಪಾರದವರ ಜೋಡಿ ಬಂದಿದ್ದು."

ನಾನು ನಕ್ಕುಬಿಟ್ಟೆ. "ನಮ್ಮ ಪಂಚಗಂಗಾ ದಂಡಿಗೆ ಗ್ರೀಕರ ದೇವರು? ಅದು ಫೋನಿನಾಗ ಬಂದೈತೇನು?"

"ಇಲ್ಲ. ಮ್ಯೂಸಿಯಮ್ಮಿನಾಗ ಐತಿ."

"ಫೋನಿನಾಗ ಬಂದಿಲ್ಲ ಅಂದ ಮ್ಯಾಲ ಹ್ಯಾಂಗ ನಂಬೂದು ನನ್ನವ್ವಾ?"

ಮಗಳು ಹಣೆ ಬಡಿದುಕೊಂಡು ಬಸ್ಸಿಗೆ ಹೋದಳು. ಹೀಗೆ ನಡೆಯುತ್ತಿದ್ದಾಗ ಒಂದು ದಿನ ಮೆಣಸಿನಕಾಯಿ ಬಂತು. 'ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ! ಪೋರ್ತುಗೀಜರು ಹಡಗಿನಲ್ಲಿ ತಂದದ್ದು! ಹತ್ತು ಜನರಿಗೆ ಕಳಿಸಿ!' ಹತ್ತು ಜನರಿಗೆ ಕಳಿಸಿ, ಆಮೇಲೆ ರೂಢಿಯಂತೆ ಬೈಸಿಕೊಳ್ಳೋಣವೆಂದು ಮಗಳಿಗೆ ತೋರಿಸಿದೆ. ಅವಳು ಓದಿ ಫೋನು ವಾಪಸ್ ಕೊಟ್ಟಳು.

"ಇದು ಖರೆ ಐತಿ, ಪಪ್ಪಾ."

"ಏನಂದಿ?" (ಮಗ್ಗದ ಸದ್ದಿತ್ತು. ಸದ್ದಿಲ್ಲದಿದ್ದರೂ ಹಾಗೇ ಕೇಳುತ್ತಿದ್ದೆ.)

"ಖರೆ ಅಂದೆ. ಮೆಣಸಿನಕಾಯಿ ಅಮೆರಿಕಾದ ಕಡೀದು. ಸುಮಾರ ಐನೂರ ವರ್ಷದ ಹಿಂದ ಪೋರ್ತುಗೀಜರ ಜಹಾಜಿನಾಗ ಈ ಕಡೆ ಬಂದೈತಿ. ಅದಕ್ಕೂ ಮೊದಲ ನಮ್ಮ ಮಂದಿ ಖಾರಕ್ಕ ಕರಿಮೆಣಸ ಹಾಕತಿದ್ರು."

ಓದುಗರೇ, ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಬರೆದು ತೋರಿಸಲಾರೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಹತ್ತಿರ ಒಂದು ನಿಜ ಇತ್ತು! ಅಂದಿನಿಂದ ನಾನು ನೆಲದ ಮೇಲೆ ನಡೆಯಲಿಲ್ಲ. ಕ್ಷೌರದಂಗಡಿಯಲ್ಲಿ ಹೇಳಿದೆ, ನೂಲಿನ ಗೋದಾಮಿನಲ್ಲಿ ಹೇಳಿದೆ. ನಾಂದಣಿಯ ನಮ್ಮ ಜೈನ ಮಠಕ್ಕೆ ಹೋದಾಗ ಪಂಕ್ತಿಯಲ್ಲಿ ಸಾರು ಬಡಿಸುತ್ತ ಬಂದವನ ಕೈ ಹಿಡಿದು ನಿಲ್ಲಿಸಿ ಹೇಳಿದೆ. ಅವನು ಕೈ ಬಿಡಿಸಿಕೊಂಡು ಮುಂದೆ ಹೋದ. ಸಾರೂ ಅವನ ಜೊತೆ ಹೋಯಿತು. ಕೊಲ್ಲಾಪುರದಲ್ಲಿ ಒಂದು ಮಿಸಳ್ ಅಂಗಡಿಗೆ ಚಹಾ ಕುಡಿಯಲು ಹೋದವನು, ಕೆಂಪು ರಸ್ಸಾ ಸುರಿದುಕೊಂಡು ಬೆವರು ಒರೆಸುತ್ತ ತಿನ್ನುತ್ತಿದ್ದ ಗಿರಾಕಿಗಳಿಗೆಲ್ಲ ಕೇಳಿಸುವಂತೆ, ನೀವು ತಿನ್ನುತ್ತಿರುವುದು ಪೋರ್ತುಗೀಜರ ಊಟ ಎಂದು ತಿಳಿಹೇಳಿದೆ. ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಕೈಮುಗಿದ. "ಚಹಾಚೆ ಪೈಸೆ ನಕೊತ್. ಪಣ್ ಪರತ್ ಯೇವೂ ನಕಾ," ಎಂದ. ದುಡ್ಡು ಬೇಡ, ಮತ್ತೆ ಮಾತ್ರ ಬರಬೇಡ ಎಂದರ್ಥ. ಸತ್ಯ ಹೇಳಿದವರನ್ನು ಜಗತ್ತು ಎಂದು ಬಿಟ್ಟಿದೆ?

ಊರು ಬದಲಾಗದಿದ್ದರೆ ಮನೆಯಿಂದಲೇ ಸುಧಾರಣೆ ಶುರುವಾಗಲಿ ಎಂದು ತೀರ್ಮಾನಿಸಿದೆ. ರಾತ್ರಿ ಅಪ್ಪಣೆ ಹೊರಡಿಸಿದೆ: "ನಾಳಿಂದ ಈ ಮನ್ಯಾಗ ಮೆಣಸಿನಕಾಯಿ ಬಂದ್. ನಮ್ಮ ಮುತ್ತಜ್ಜನ ಮುತ್ತಜ್ಜ ಹ್ಯಾಂಗ ಉಣತಿದ್ನೋ ಹಂಗ ಉಣ್ಣೂಣು."

ರಾಜಮತಿ ಮಾಡುವ ಖಾರದ ಪುಡಿಗೆ ನಮ್ಮ ಓಣಿಯಲ್ಲೆಲ್ಲ ಹೆಸರಿದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು "ಆತ್ರಿ" ಎಂದಳು, ಅಷ್ಟೇ. ಈ "ಆತ್ರಿ" ಎಷ್ಟು ಅಪಾಯದ ಮಾತೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಎದ್ದು ಕೂತೆ. ಚಹಾ ಬರಲಿಲ್ಲ.

"ಚಹಾ ಎಲ್ಲಿ?"

"ಮುತ್ತಜ್ಜನ ಮುತ್ತಜ್ಜ ಚಹಾ ಕುಡೀತಿದ್ನೇನ್ರಿ? ಋತುಜಾನ್ನ ಕೇಳೇನಿ. ನಮ್ಮ ಬಡವರ ಮನಿಗೆ ಚಹಾ ಬಂದಿದ್ದು ನಿನ್ನೆ ಮೊನ್ನೆ ಅಂತ. ಕಂಪನಿಯವರು ಪುಕ್ಕಟೆ ಕುಡಿಸಿ ಕುಡಿಸಿ ರೂಢಿ ಹಚ್ಚ್ಯಾರಂತ."

ಮಧ್ಯಾಹ್ನ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಚಟ್ನಿ ಇರಲಿಲ್ಲ. ಶೇಂಗಾ ಕೂಡ ಆಚೆ ದೇಶದ್ದಂತೆ. ಟೊಮ್ಯಾಟೊ ಇಲ್ಲ, ಅದೂ ಅಂತೆ. ಆಜರಾದಿಂದ ತರಿಸಿದ್ದ ಗೋಡಂಬಿಯ ಡಬ್ಬಿ ಕಪಾಟಿನ ಮೇಲಕ್ಕೆ ಹೋಯಿತು. ಆಜರಾದ ಗೋಡಂಬಿಯ ಮೂಲ ಬ್ರೆಜಿಲ್ಲು ಎಂದು ಗೊತ್ತಾದಾಗ ನನಗೇ ಅಳು ಬಂತು. ಸಂಜೆ ನೋಡಿದರೆ ನನ್ನ ತಂಬಾಕಿನ ಚಂಚಿ ಕಾಣೆ.

"ಅದೂ ಪೋರ್ತುಗೀಜರದ ಅಂತ್ರಿ," ಎಂದು ಅಡುಗೆಮನೆಯಿಂದಲೇ ಉತ್ತರ ಬಂತು.

ಕರಿಮೆಣಸಿನ ಸಾರು ಕುಡಿದು, ತಲೆನೋವು ಕಟ್ಟಿಕೊಂಡು, ನಾನು ಸತ್ಯಾಗ್ರಹಿಯಂತೆ ತಡೆದುಕೊಂಡೆ. ಪೂರ್ವಜರು ಎಷ್ಟು ಗಟ್ಟಿಗರಿದ್ದರು ಎಂದು ಆಗ ಅರ್ಥವಾಯಿತು. ಆದರೆ ಮರುದಿನ ರಾಜಮತಿ ಬಂದು ನನ್ನ ಕೈಯಿಂದ ಫೋನನ್ನೇ ತೆಗೆದುಕೊಂಡಳು.

"ಇದ್ಯಾಕ?"

"ಮುತ್ತಜ್ಜನ ಹಂತೇಕ ಇತ್ತೇನ್ರಿ?"

ಆಗ ಸೋತೆ. ಎಲ್ಲರೆದುರು "ಸಾರಿಗೆ ಮೆಣಸಿನಕಾಯಿ ಹಾಕು" ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಅದನ್ನು ಮೂರು ಸಲ ಹೇಳಿಸಿಕೊಂಡಳು. ಅವಳಿಗೂ ಮಗ್ಗದ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವಂತೆ.

ಇಷ್ಟಕ್ಕೇ ಮುಗಿದಿದ್ದರೆ ನಿಮಗೆ ಹೇಳುತ್ತಲೇ ಇರಲಿಲ್ಲ. ಆ ವಾರವೇ ಗಡಹಿಂಗ್ಲಜದಿಂದ ಋತುಜಾಳಿಗೆ ಸಂಬಂಧ ಬಂತು. ಬಂತು ಎನ್ನುವುದು ಹಿರಿಯರ ಸಮಾಧಾನಕ್ಕೆ. ಹುಡುಗ ಪ್ರತೀಕ ಕೊಲ್ಲಾಪುರದಲ್ಲಿ ಓದುವಾಗ ಇವಳಿಗೆ ಪರಿಚಯ. ಇಬ್ಬರೂ ಯಾವತ್ತೋ ಒಪ್ಪಿಕೊಂಡಾಗಿತ್ತು. ನಮ್ಮ ಜೈನರೇ, ಒಳ್ಳೆಯ ಮನೆತನ. ಈಗ ಅವನ ತಂದೆತಾಯಿ ಬಂದು ಹುಡುಗಿಯನ್ನು ನೋಡಿ, ನಮ್ಮಲ್ಲಿ ಉಂಡು, ಹೂಂ ಅಂದುಬಿಟ್ಟರೆ ಮುಗಿಯಿತು.

"ಮನಿ ಉದ್ಯೋಗ ಏನು?" ಎಂದು ಕೇಳಿದೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. "ಗಡಹಿಂಗ್ಲಜ ಪ್ಯಾಟ್ಯಾಗ ದೊಡ್ಡ ಅಡತಿ ಅಂಗಡಿ ಐತ್ರಿ," ಎಂದಳು ರಾಜಮತಿ. "ನಾಲ್ಕ ತಲಿಯಿಂದ."

"ಯಾತರ ಅಡತಿ?"

"...ಮೆಣಸಿನಕಾಯೀದು."

ನಾನು ಬಾಯಿ ತೆರೆಯುವಷ್ಟರಲ್ಲಿ ಋತುಜಾ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. ಅವಳು ಹಾಗೆಲ್ಲ ಕೈ ಹಿಡಿಯುವ ಹುಡುಗಿಯಲ್ಲ. "ಪಪ್ಪಾ, ನನಗ ಪ್ರತೀಕ ಬೇಕು. ಭಾಳ ಬೇಕು. ಅವತ್ತೊಂದ ದಿನ ಇತಿಹಾಸ ಹೇಳಬ್ಯಾಡ್ರಿ."

ಕೂಸಿದ್ದಾಗ ಮಗ್ಗ ನಡೆಯುತ್ತಿದ್ದರೆ ನಿದ್ದೆ ಮಾಡುತ್ತಿದ್ದಳು, ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತಿದ್ದಳು. ಕರೆಂಟು ಬರುವವರೆಗೆ ನಾನೇ ತೊಟ್ಟಿಲ ಪಕ್ಕ ಕೂತು ಬಾಯಿಂದ ಮಗ್ಗದ ಸದ್ದು ಮಾಡುತ್ತಿದ್ದೆ. ಇಂಥ ಮಗಳಿಗೋಸ್ಕರ ಒಂದು ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಕೂರಲಾರೆನೇ? ಜಿನೇಂದ್ರನ ಆಣೆ ಮಾಡಿದೆ. ರಾಜಮತಿಗೆ ಆಣೆ ಸಾಲಲಿಲ್ಲ. ಅವಳು ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮೂರು ಮಾತಿಗೆ ಮಾತ್ರ ಪರವಾನಗಿ ಕೊಟ್ಟಳು: "ಬರ್ರಿ", "ಹೌದ್ರಿ", "ತೊಗೋರಿ".

ಊಟದ ವಿಷಯ ಒಂದು ಹೇಳಿಬಿಡಬೇಕು. ನಾವು ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. (ಮನೆಯಲ್ಲಿ ಒಬ್ಬರೇ ಇದ್ದಾಗ ಕೆಲವರು ಗಡಿಯಾರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿಕೊಳ್ಳುವುದುಂಟು. ಬೀಗರ ಎದುರಿಗೆ ಮಾತ್ರ ಎಲ್ಲರೂ ಕಟ್ಟಾ.) ಅದು ಚಳಿಗಾಲ, ಹೊತ್ತು ಬೇಗ ಮುಳುಗುವ ದಿನಗಳು. ಬೀಗರು ನಾಲ್ಕರ ಸುಮಾರಿಗೆ ಬರುವುದು, ಅವಲಕ್ಕಿ ತಿಂದು ಹುಡುಗಿ ನೋಡುವುದು, ಕಿಟಕಿಯಲ್ಲಿ ಬೆಳಕಿರುವಾಗಲೇ ಹೋಳಿಗೆ ಊಟ ಮುಗಿಸುವುದು ಎಂದು ರಾಜಮತಿ ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಬೆಳಗಿನಿಂದ ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಟ್ಟಿನ ಸಾರಿಗೆ ತನ್ನ ಖಾರದ ಪುಡಿಯನ್ನು ಧಾರಾಳವಾಗಿ ಹಾಕಿದ್ದಳು.

ಬೀಗರು ಬಂದರು. ಮುಂದೆ ಧನಪಾಲರು, ಹುಡುಗನ ತಂದೆ. ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ದೊಡ್ಡ ದನಿ. ಹಿಂದೆ ಅವರ ಹೆಂಡತಿ ಮಂಗಲಾಬಾಯಿ, ಮಾತಿಲ್ಲದ ಹೆಣ್ಣುಮಗಳು. ಅವರ ಹಿಂದೆ ಪ್ರತೀಕ, ಹೆಗಲ ಮೇಲೆ ಒಂದು ಚೀಲ. ಲೋಕದಲ್ಲಿ ಬೀಗರಾಗುವವರು ಹಣ್ಣು ತರುತ್ತಾರೆ, ಪೇಡೆ ತರುತ್ತಾರೆ. ಇವರು ಸಂಕೇಶ್ವರಿ ಮೆಣಸಿನಕಾಯಿ ತಂದಿದ್ದರು. ಚೀಲ ಇಳಿಸಿದ್ದೇ ತಡ, ಇಡೀ ಪಡಸಾಲೆ ಸೀನಿತು.

"ಬರ್ರಿ," ಎಂದೆ, ಸೀನಿನ ನಡುವೆ.

"ಮಗ್ಗ ಹ್ಯಾಂಗ ನಡದಾವ್ರಿ, ಮಗದುಮ್ಮರ?" ಎಂದರು ಧನಪಾಲರು.

"ಹೌದ್ರಿ."

"ಇಚಲಕರಂಜಿ ಧಂದೆ ಪೂರ್ತಿ ಕುಂತೈತಿ ಅಂತಾರ ಮಂದಿ?"

"ಹೌದ್ರಿ."

"ಮತ್ತ ಮುಂದ ಹ್ಯಾಂಗ್ರಿ?"

"ತೊಗೋರಿ," ಎಂದು ಅವಲಕ್ಕಿಯ ತಟ್ಟೆಯನ್ನು ಮುಂದಕ್ಕೆ ತಳ್ಳಿದೆ.

ಮಂಗಲಾಬಾಯಿ ರಾಜಮತಿಯ ಕಡೆಗೆ ಬಾಗಿ ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು: "ಇವರಿಗೆ ಕಿವಿ ಕೇಳೂದಿಲ್ಲೇನ್ರಿ?"

"ಕೇಳತೈತ್ರಿ. ಭಾಳ ಮಾತಾಡೂ ಸ್ವಭಾವ ಅಲ್ರಿ ಅವರದು," ಎಂದಳು ರಾಜಮತಿ, ಕಣ್ಣು ಪಿಳುಕಿಸದೆ.

ಋತುಜಾ ಬಂದಳು, ನಮಸ್ಕಾರ ಮಾಡಿದಳು, ಕೇಳಿದ್ದಕ್ಕೆ ಚಂದವಾಗಿ ಉತ್ತರ ಕೊಟ್ಟಳು, ಒಳಗೆ ಹೋದಳು. ಪ್ರತೀಕ ಅವಳು ಹೋದ ಬಾಗಿಲನ್ನೇ ನೋಡುತ್ತ ಕೂತ. ಮಂಗಲಾಬಾಯಿಯ ಮುಖದಲ್ಲಿ ನಗು ಇತ್ತು. ಎಲ್ಲವೂ ಎಣಿಸಿದಂತೆಯೇ ಸಾಗಿತ್ತು. ರಾಜಮತಿ ತಾಟು ಹಾಕಲು ಎದ್ದಳು. ಅಷ್ಟರಲ್ಲಿ ಧನಪಾಲರು ಕಾಲು ಚಾಚಿ, ಮೀಸೆ ಒರೆಸಿಕೊಂಡು ಆರಂಭಿಸಿದರು.

"ನಮ್ಮ ಸಂಕೇಶ್ವರಿ ಮೆಣಸಿನಕಾಯಿ ಅಂದ್ರ ಇವತ್ತ ನಿನ್ನೀದಲ್ರಿ ಮಗದುಮ್ಮರ. ಪಾಂಡವರು ವನವಾಸಕ್ಕ ಈ ಕಡೆ ಬಂದಿದ್ರಲ್ಲ, ಆವಾಗ ಭೀಮ ತಿಂದಾನ ಇದನ್ನ! ಒಂದ ಕಾಯಿ ತಿಂದು ಹತ್ತ ಕೊಡ ನೀರ ಕುಡದಾನ. ಈ ಇತಿಹಾಸ ಯಾರಿಗೂ ಗೊತ್ತಿಲ್ರಿ. ನಮ್ಮ ಹಿರ್ಯಾರ ಹೇಳಿದ್ದು, ಈಗ ಫೋನಿನಾಗೂ ಬಂದೈತಿ, ನೋಡ್ರಿಲ್ಲೆ. ಹೌದಿಲ್ಲೋ?"

ನನ್ನ ಕಷ್ಟ ಸ್ವಲ್ಪ ಯೋಚಿಸಿ. ಇಡೀ ಜನ್ಮದಲ್ಲಿ ಒಂದೇ ಒಂದು ನಿಜ ಸಿಕ್ಕಿದೆ. ಅದು ಮೆಣಸಿನಕಾಯಿಯದು. ಎದುರಿಗೆ ಕೂತ ಮನುಷ್ಯ ಅದರ ಬಗ್ಗೆಯೇ ಹಸಿ ಸುಳ್ಳು ಹೇಳಿ, ಹೌದಿಲ್ಲೋ ಎಂದು ನನ್ನನ್ನೇ ಕೇಳುತ್ತಿದ್ದಾನೆ. "ಹೌದ್ರಿ" ಎನ್ನಲು ಪರವಾನಗಿ ಇದೆ. ಅಷ್ಟು ಅಂದುಬಿಟ್ಟರೆ ಸಾಕು, ಮಗಳ ಲಗ್ನ ಗಟ್ಟಿ. ಬಾಯಿ ತೆರೆದೆ. ಹೌದ್ರಿ ಎನ್ನಬೇಕೆಂದೇ ತೆರೆದೆ, ದೇವರಾಣೆ.

"ಇಲ್ರಿ," ಎಂದೆ.

ತಾಟು ಹಿಡಿದು ನಿಂತ ರಾಜಮತಿಯ ಕೈಯಲ್ಲಿ ಸ್ಟೀಲು ಝಣ್ ಎಂದಿತು. ಆದರೆ ಕಟ್ಟೆ ಒಡೆದಾಗಿತ್ತು.

"ಭೀಮ ತಿಂದಿರಾಕ ಸಾಧ್ಯನ ಇಲ್ರಿ. ಮೆಣಸಿನಕಾಯಿ ತಂದವರು ಪೋರ್ತುಗೀಜರು. ಮೊನ್ನೆ ಮೊನ್ನೆ."

ಧನಪಾಲರ ಕಾಲು ತಾನಾಗಿಯೇ ಮಡಚಿಕೊಂಡಿತು. "ನಾಲ್ಕ ತಲಿಯಿಂದ ಮಾರಾಕತ್ತೇವಿ. ನಮಗ ಗೊತ್ತಿಲ್ಲದ್ದು ನಿಮಗ ಗೊತ್ತೇನ್ರಿ?"

"ಮಾರೂದು ಬ್ಯಾರೆ, ಮೂಲ ತಿಳಕೊಳ್ಳೂದು ಬ್ಯಾರೆ. ನಾ ಲುಂಗಿ ನೇಯ್ತೇನಿ ಅಂತ ಹತ್ತಿ ನಾನ ಕಂಡ ಹಿಡದೇನಿ ಅಂತೇನಿ ಏನು?"

"ಬಾಬಾ, ಬಿಡ್ರಿ ಈಗ," ಎಂದ ಪ್ರತೀಕ.

"ನೀ ಸುಮ್ಮ ಕುಂದ್ರು. ಮಗದುಮ್ಮರ, ಇಲ್ಲೆ ಬರದೈತಿ ನೋಡ್ರಿ!" ಎಂದು ಫೋನನ್ನು ನನ್ನ ಮೂಗಿಗೆ ಹಿಡಿದರು.

"ಬರದೈತಿ ಅಂದ್ರ ಖರೆ ಆಗತೈತೇನ್ರಿ?" ಎಂದೆ. (ಹೇಳಿದ್ದು ನಾನೇ. ಒಳಗಿನ ಬಾಗಿಲ ಹಿಂದೆ ಋತುಜಾ ಗೋಡೆಗೆ ತಲೆ ಒತ್ತಿಕೊಂಡಳಂತೆ.)

"ತಾಟ ಹಾಕಲೇನ್ರಿ?" ಎಂದಳು ರಾಜಮತಿ.

"ಹಾಕ್ರಿ ಹಾಕ್ರಿ, ಒಂದ ಮಿನಿಟ," ಎಂದೆವು ಇಬ್ಬರೂ.

ಧನಪಾಲರು ಒಂದಾದ ಮೇಲೊಂದು ಮೆಸೇಜು ಓದತೊಡಗಿದರು. ಕುಂಭಕರ್ಣನನ್ನು ಎಬ್ಬಿಸಿದ್ದು ಮೆಣಸಿನಕಾಯಿ ಹೊಗೆ, ಶತ್ರುಗಳ ಆನೆ ಓಡಿಸಿದ್ದು ಮೆಣಸಿನಕಾಯಿ ಉಂಡೆ. ನಾನು ಒಂದೊಂದನ್ನೂ ಕೂತಲ್ಲೇ ಹೊಡೆದುಹಾಕಿದೆ. ಕಿಟಕಿಯ ಬಿಸಿಲು ಗೋಡೆ ಹತ್ತಿತು. ರಾಜಮತಿ ಮತ್ತೆ ಬಂದಳು, ಮತ್ತೆ ಒಂದ ಮಿನಿಟ ಎಂದೆವು. ಮಂಗಲಾಬಾಯಿ ಒಂದು ಸಲ ಕಿಟಕಿ ನೋಡಿದರು, ಒಂದು ಸಲ ಗಂಡನನ್ನು ನೋಡಿದರು, ಸೆರಗು ಹೊದ್ದು ಕೂತರು.

ಕೊನೆಗೆ ಧನಪಾಲರು ತೊಡೆ ತಟ್ಟಿದರು. "ಹೆಸರ ಹೇಳ್ರಿ! ಗಡಹಿಂಗ್ಲಜಕ್ಕ ಮೆಣಸಿನಕಾಯಿ ತಂದ ಪೋರ್ತುಗೀಜನ ಹೆಸರ ಹೇಳ್ರಿ, ನಾ ಒಪ್ಪಕೋತೇನಿ. ಹೆಸರಿಲ್ಲದ ಇತಿಹಾಸ ನಾ ಕೇಳಾಂವ ಅಲ್ಲ."

ಹೆಸರು! ಮಗಳು ಹೆಸರು ಹೇಳಿರಲಿಲ್ಲ. ಫೋನು ಟ್ರಂಕಿನಲ್ಲಿ. ಗೆಲುವು ಕೈಗೆ ಬಂದು ಜಾರುತ್ತಿದೆ. ನನಗೆ ಗೊತ್ತಿದ್ದ ಪೋರ್ತುಗೀಜ ಒಬ್ಬನೇ.

"ವಾಸ್ಕೋ ಡ ಗಾಮಾ!" ಎಂದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾಲಿಗೆಗೆ ಮಗ್ಗದ ಓಟ ಬಂದಿತ್ತು. "ಗೋವಾದಾಗ ಇಳದಾ. ಚೀಲಾ ಹೆಗಲ ಮ್ಯಾಲ ಇಟ್ಟಕೊಂಡು ಆಂಬೋಲಿ ಘಾಟ ಹತ್ತಿದಾ. ಆಜರಾದಾಗ ಒಂದ ಮುಕ್ಕಾಮ ಮಾಡಿದಾ. ಸೀದಾ ಗಡಹಿಂಗ್ಲಜ ಸಂತಿಗೆ ಬಂದಾ. ಅಲ್ಲೆ ನಿಮ್ಮ ಮುತ್ತಜ್ಜ ಕುಂತಿದ್ದಾ. 'ಇದೇನಪಾ ಕೆಂಪ ಹುಳಾ' ಅಂತ ಕೇಳಿದಾ. ವಾಸ್ಕೋ 'ತೊಗೋರಿ' ಅಂದಾ. ನಿಮ್ಮ ಮುತ್ತಜ್ಜ ಒಂದ ಕಡದಾ. ಕಡದು ಬಾಯಾಗ ಬೆಂಕಿ ಬಿದ್ದು, ಧೋತರ ಎತ್ತಿಕೊಂಡು ಓಡಿ ಹೋಗಿ ಹಿರಣ್ಯಕೇಶಿ ಹೊಳಿಗೆ ಹಾರಿದಾ!"

ಧನಪಾಲರು ಎದ್ದು ನಿಂತರು. "ನಮ್ಮ ಮುತ್ತಜ್ಜನ್ನ ಹೊಳಿಗೆ ಹಾರಸ್ತೀರೇನ್ರಿ? ನಿಮ್ಮ ಮನಿಗೆ ಹೆಣ್ಣ ನೋಡಾಕ ಬಂದೇವಿ, ಇದನ್ನ ಕೇಳಾಕ ಬಂದಿಲ್ಲ. ಪ್ರತೀಕ, ಗಾಡಿ ತೆಗಿ!"

ಪ್ರತೀಕ ಏಳಲಿಲ್ಲ. ಒಳಗಿನಿಂದ ಋತುಜಾ ಬಂದಳು. ಮುಖ ಕೆಂಪಾಗಿತ್ತು, ದನಿ ಮಾತ್ರ ತರಗತಿಯಲ್ಲಿ ಪಾಠ ಮಾಡುವ ದನಿ.

"ಪಪ್ಪಾ, ವಾಸ್ಕೋ ಡ ಗಾಮಾ ಆಂಬೋಲಿ ಘಾಟ ಹತ್ತಿಲ್ಲ. ಅದು ನೀವ ಮಾಡಿದ್ದು." ನಾನು ಕುರ್ಚಿಯಲ್ಲಿ ಕುಗ್ಗಿದೆ. ಅವಳು ಅತ್ತ ತಿರುಗಿದಳು. "ಕಾಕಾ, ಭೀಮಾನೂ ತಿಂದಿಲ್ರಿ. ಪೋರ್ತುಗೀಜರ ಜಹಾಜಿನಾಗ ಬಂದೈತಿ, ಅಷ್ಟ ಖರೆ. ಗಡಹಿಂಗ್ಲಜಕ್ಕ ಯಾರ ತಂದ್ರು, ಯಾವಾಗ ತಂದ್ರು, ನನಗ ಗೊತ್ತಿಲ್ಲ. ನಿಮ್ಮ ಮನ್ಯಾಗ ನಾಲ್ಕ ತಲಿಯಿಂದ ಮಾರಾಕತ್ತೀರಿ. ಅದು ಖರೇ ಇತಿಹಾಸ್ರಿ, ಅದಕ್ಕ ಭೀಮ ಬೇಕಾಗಿಲ್ಲ."

ಧನಪಾಲರ ಬಾಯಿ ತೆರೆದೇ ಇತ್ತು, ಒಳಗಿನಿಂದ ಏನೂ ಬರಲಿಲ್ಲ. ಆಗ ರಾಜಮತಿ ಬಂದು ಲೈಟು ಹಾಕಿದಳು.

ಆ ಬೆಳಕಿನಲ್ಲಿ ಎಲ್ಲ ಕಂಡಿತು. ಸಾಲಾಗಿ ಹಾಕಿದ ತಾಟುಗಳು, ಹೋಳಿಗೆಯ ಮೇಲೆ ಗಟ್ಟಿಯಾದ ತುಪ್ಪ, ಕಿಟಕಿಯ ಆಚೆ ಕತ್ತಲೆ. ಹೊತ್ತು ಮುಳುಗಿ ಆಗಿತ್ತು. ಇನ್ನು ನಾಳೆ ಸೂರ್ಯ ಹುಟ್ಟುವವರೆಗೆ ಆ ತಾಟನ್ನು ಬೀಗರೂ ಮುಟ್ಟುವಂತಿಲ್ಲ, ನಾವೂ ಮುಟ್ಟುವಂತಿಲ್ಲ. ಹುಡುಗಿ ನೋಡಲು ಬಂದವರು ಊಟವಿಲ್ಲದೆ ಏಳುವುದೆಂದರೆ ಸಂಬಂಧ ಮುರಿದಂತೆಯೇ ಲೆಕ್ಕ. ಮಗಳ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಒಂದೇ ಒಂದು ಬೇಡಿಕೆ ಇಟ್ಟಿದ್ದಳು. ಅದನ್ನೂ ನಡೆಸಿಕೊಡಲಾಗದ ನನ್ನ ಬಾಯಿಯ ಮೇಲೆ ನನಗೇ ಹೇಸಿಕೆಯಾಯಿತು.

"ತಪ್ಪಾತ್ರಿ," ಎಂದೆ. ಜೋರಾಗಿ ಹೇಳಲು ಆಗಲಿಲ್ಲ.

ಆಗ ಇಷ್ಟು ಹೊತ್ತು ಸುಮ್ಮನೆ ಕೂತಿದ್ದ ಮಂಗಲಾಬಾಯಿ ಬಾಯಿ ಬಿಟ್ಟರು.

"ಯಾರ ತಪ್ಪೂ ಅಲ್ರಿ, ಇದು ನನಗ ರೂಢಿ ಐತಿ. ಲಗ್ನ ಆಗಿ ಬಂದಾಗಿಂದ ಈ ಭೀಮನ ಕಥಿ ಕೇಳಾಕತ್ತೇನಿ. ಇವರ ಮಾತ ಮುಗಿಯೂದ್ರಾಗ ಹೊತ್ತ ಮುಳಗಿರತೈತಿ. ಇವರ ಭೀಮ ಉಂಡಷ್ಟ ಸಲ ನಾ ಉಪಾಸ ಮಲಗೇನ್ರಿ! ಒಬ್ಬರರೆ ಇವರ ಬಾಯಿ ಮುಚ್ಚಸಲಿಲ್ಲ." ಅವರು ಎದ್ದು ಹೋಗಿ ಋತುಜಾಳ ಗಲ್ಲ ಸವರಿ ಲಟಿಕೆ ಮುರಿದರು. "ನೀ ಇವತ್ತ ಮುಚ್ಚಿಸಿದಿ ನೋಡವ್ವಾ. ನೀ ನಮ್ಮ ಮನಿಗೆ ಬಾ. ಲಗೂನ ಬಾ. ನಾ ಹೊತ್ತ ಮುಳಗೂದ್ರಾಗ ಎರಡ ತುತ್ತ ಉಣ್ಣಬೇಕಾಗೇತಿ."

ಪ್ರತೀಕ ಹಲ್ಲು ಕಿರಿದ. ಋತುಜಾಳ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಧನಪಾಲರು ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡಿ, ಮೆತ್ತಗೆ ಕೂತುಕೊಂಡರು. ನನಗೆ ಜೀವ ಬಂದಂತಾಯಿತು. ಜೀವ ಬಂದರೆ ಬಾಯಿಗೂ ಬರುತ್ತದಲ್ಲ.

"ನೋಡ್ರಿ ಮತ್ತ!" ಎಂದೆ. "ನನ್ನ ಇತಿಹಾಸದಿಂದನ ಅಲ್ಲೇನ್ರಿ ಇದೆಲ್ಲ..."

"ಒಂದ ಷರತ್ತ ಐತ್ರಿ," ಎಂದರು ಮಂಗಲಾಬಾಯಿ, ನನ್ನನ್ನಲ್ಲ, ರಾಜಮತಿಯನ್ನು ನೋಡಿ. "ಲಗ್ನದ ದಿವಸ ಊಟ ಮುಗಿಯೂತನಕಾ ಈ ಇಬ್ಬರನ್ನ ಬ್ಯಾರೆ ಬ್ಯಾರೆ ಖೋಲ್ಯಾಗ ಕುಂದರಸಬೇಕು."

"ಖೋಲಿ ಯಾಕ್ರಿ, ಇವರನ್ನ ಮಗ್ಗದ ಶೆಡ್ಡಿನಾಗನ ಕುಂದರಸತೇನಿ," ಎಂದಳು ರಾಜಮತಿ. ಇಬ್ಬರೂ ಬೀಗಿತ್ತಿಯರು ಕೈ ಕೈ ಹಿಡಿದು, ನಮ್ಮಿಬ್ಬರನ್ನು ನೋಡಿ ನಕ್ಕರು. ಆ ನಗುವಿನಲ್ಲಿ ಸಂಬಂಧ ಗಟ್ಟಿಯಾಯಿತು.

ತೆಂಗಿನಕಾಯಿ, ಕುಂಕುಮ, ಖಾಲಿ ಹೊಟ್ಟೆ, ಇಷ್ಟನ್ನು ಕೊಟ್ಟು ಬೀಗರನ್ನು ಕಳಿಸಿದೆವು. ಗಾಡಿ ಚಾಲೂ ಆದ ಮೇಲೆ ಧನಪಾಲರು ಗಾಜು ಇಳಿಸಿ, ಹೆಂಡತಿಗೆ ಕೇಳದಂತೆ ನನ್ನನ್ನು ಹತ್ತಿರ ಕರೆದರು.

"ಮಗದುಮ್ಮರ, ಖರೇ ಹೇಳ್ರಿ. ನಮ್ಮ ಮುತ್ತಜ್ಜ ಖರೇನ ಹೊಳಿಗೆ ಹಾರಿದ್ನೇನ್ರಿ?"

ಅವರ ಕಣ್ಣಲ್ಲಿ ಅಂಥ ಆಸೆ ಇತ್ತು! ನಾನು ಬಾಯಿ ತೆರೆದೆ. "ಪ್ರತೀಕ, ಗಾಡಿ ಬಿಡು," ಎಂದರು ಮಂಗಲಾಬಾಯಿ.

ಮನೆಯೊಳಗೆ ಬಂದರೆ ಹೋಳಿಗೆಯ ವಾಸನೆ. ಬೆಳಗಿನಿಂದ ನನಗೂ ಸರಿಯಾಗಿ ಊಟವಿಲ್ಲ. ಉಣ್ಣುವಂತಿಲ್ಲ, ನಾಳೆಗಿಟ್ಟರೆ ತಂಗಳು, ಅದನ್ನೂ ನಾವು ತಿನ್ನುವುದಿಲ್ಲ. ರಾಜಮತಿ ನನ್ನ ಕಡೆ ನೋಡದೆ ಶೆಡ್ಡಿನ ಬಾಗಿಲಿಗೆ ಹೋಗಿ ಲಖನ್‌ನನ್ನು ಕೂಗಿದಳು. ಲಖನ್ ನಮ್ಮ ರಾತ್ರಿ ಪಾಳಿಯ ಮಗ್ಗದವನು, ಎರಡು ಮಕ್ಕಳ ತಂದೆ. ಅವನು, ಅವನ ಪಾಳಿಯವರೆಲ್ಲ ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತರು. ಬೀಗರಿಗೆ ಮಾಡಿದ್ದೆಲ್ಲ ಅವರ ತಾಟಿಗೆ ಬಂತು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದೆ. ಹೋಳಿಗೆ ಮುರಿದು, ಕಟ್ಟಿನ ಸಾರಿನಲ್ಲಿ ಅದ್ದಿ, ಸೊರ್ ಎಂದು ಎಳೆದು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಅವರು ಉಂಡರು.

"ಅಕ್ಕಾರ, ಇವತ್ತ ಏನ ವಿಶೇಷ್ರಿ?" ಎಂದು ಕೇಳಿದ ಲಖನ್.

"ನಿಮ್ಮ ಮಾಲಕರು ಬೀಗರಿಗೆ ಇತಿಹಾಸ ಹೇಳಿದ್ರಪಾ," ಎಂದಳು ರಾಜಮತಿ ಇನ್ನೊಂದು ಹೋಳಿಗೆ ಹಾಕುತ್ತ. "ಹೇಳಿ ಹೇಳಿ ಹೊತ್ತ ಮುಳಗಿಸಿದ್ರು."

ಲಖನ್ ನನ್ನ ಕಡೆ ತಿರುಗಿದ. ಮುಖದಲ್ಲಿ ನಿಜವಾದ ಗೌರವವಿತ್ತು. "ಭಾಳ ಛಲೋ ಆತ್ರಿ ಮಾಲಕರ. ಇತಿಹಾಸ ಹೇಳಾಕ ಬರಬೇಕ್ರಿ, ಎಲ್ಲರಿಗೂ ಬರೂದಿಲ್ಲ. ನಾಳೆನೂ ಹೇಳ್ರಿ."

ಇಷ್ಟು ದಿನದಲ್ಲಿ ನನ್ನನ್ನು ಇತಿಹಾಸ ಹೇಳು ಎಂದು ಕೇಳಿದ ಮೊದಲ ಮನುಷ್ಯ! ಹಸಿವು ಮರೆತೆ. ಗಂಟಲು ಸರಿಮಾಡಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

"ಕೇಳ ಲಖನ್. ಈ ಹೋಳಿಗಿ ಐತೆಲ್ಲ, ಇದನ್ನ ಮೊದಲ ಮಾಡಿದವರು ಯಾರಂದ್ರ..."

"ಈಗ ಬ್ಯಾಡ್ರಿ ಮಾಲಕರ," ಎಂದ ಲಖನ್, ಬಾಯಿ ತುಂಬಿದ್ದರಿಂದ ಎಡಗೈ ಎತ್ತಿ ತಡೆಯುತ್ತ. "ನಾಳೆ ನಿಮ್ಮ ಊಟಕ್ಕ ಮೊದಲ ಹೇಳ್ರಿ, ಹೊತ್ತ ಮುಳಗೂತನಕಾ. ನಾವು ತಾಟ ತೊಗೊಂಡ ಬರ್ತೇವಿ."